ಹಿಂದು ಹಿಂದಕ್ಕೆ ಹೋದ ಕಾರು

ಮೊನ್ನೆ ಅಂಕೋಲೆಯ ಗ್ಯಾರೇಜೊಂದರಲ್ಲಿ ನನ್ನ ಸ್ಕೂಟರಿನ ಹಳೇ ಗೇರ್ ಎಣ್ಣೆ ತೆಗೆಯುತ್ತಿದ್ದರು. ಬೆಂಕಿಕಡ್ಡಿ ಗೀರಿದಾಗ ಬರುವಂಥ ಘಾಟು ಎದ್ದಿತು. ಪಕ್ಕದಲ್ಲಿದ್ದವರು ಮೂಗು ಮುಚ್ಚಿಕೊಂಡು ದೂರ ಸರಿದರೆ, ನಾನು ಇನ್ನಷ್ಟು ಹತ್ತಿರ ಹೋಗಿ ನಿಂತೆ. ಆ ಘಾಟಿನ ಜೊತೆ ಇನ್ನೆರಡು ವಾಸನೆ ಬೆರೆತರೆ ನಮ್ಮ ಹಳೇ ಮನೆಯ ಜಗಲಿ ಪೂರ್ತಿಯಾಗುತ್ತಿತ್ತು: ಅಟ್ಟದ ಒಣಮೀನಿನದು, ಮೂಲೆಯಲ್ಲಿ ರಾಶಿ ಬಿದ್ದಿರುತ್ತಿದ್ದ ಒದ್ದೆ ಬಲೆಯದು. ನಿಮ್ಮ ಬಾಲ್ಯದ ಮನೆಗೂ ಇಂಥದೊಂದು ವಾಸನೆ ಇದ್ದಿರಬೇಕು. ಹೊರಗಿನವರಿಗೆ ಅದು ನಾತ, ನಮಗೆ ಮಾತ್ರ ಕರುಳು ಹಿಂಡುವಂಥದು.

ನಮ್ಮ ಮನೆ ಸದಾಶಿವಗಡದಲ್ಲಿ, ಕಡಲಿಗೆ ಹೋಗುವ ಕೇರಿಯ ಈಚೆ ತುದಿಗಿತ್ತು. ಅಜ್ಜ ಮೊದಲು ದೋಣಿಯವನು. ಆಮೇಲೆ ದೋಣಿಯನ್ನು ಅಪ್ಪನಿಗೆ ಬಿಟ್ಟು, ಹಳೇ ಅಂಬಾಸಿಡರೊಂದನ್ನು ಕೊಂಡು, ಕಾಳಿ ಸೇತುವೆಯ ಮೇಲೆ ಕಾರವಾರಕ್ಕೂ, ಗಡಿ ದಾಟಿ ಗೋವೆಗೂ ಬಾಡಿಗೆ ಹೊಡೆಯುತ್ತಿದ್ದ. ಹೊಸ ಶತಮಾನ ಶುರುವಾಗಿ ಎರಡು ಮೂರು ಮಳೆಗಾಲ ಕಳೆದಿರಬಹುದು, ಅಜ್ಜನಿಗೆ ಪಾರ್ಶ್ವವಾಯು ಬಡಿಯಿತು. ಎಡಗೈ, ಎಡಗಾಲು ಸೋತವು. ಮೊದಲೇ ಎರಡನೇ ಗೇರ್ ನಿಲ್ಲದೆ ಒದ್ದಾಡುತ್ತಿದ್ದ ಕಾರು ತೆಂಗಿನ ಮಡಲಿನ ಚಪ್ಪರದಡಿ ನಿಂತುಬಿಟ್ಟಿತು. ಎರಡೂ ಒಂದೇ ಸಲ ಕೈಕೊಟ್ಟವು ಎಂದು ಆಯಿ, ಅಂದರೆ ನನ್ನ ಅಮ್ಮ, ಬಂದವರಿಗೆಲ್ಲ ಹೇಳುತ್ತಿದ್ದಳು.

ಶ್ರಾವಣದ ನಾರಳಿ ಹುಣ್ಣಿಮೆಯ ದಿನ ಮನೆಯ ಹಿರಿಯನೇ ಕಡಲಿಗೆ ತೆಂಗಿನಕಾಯಿ ಬಿಡಬೇಕು. ಆಮೇಲೆಯೇ ನಮ್ಮ ದೋಣಿ ನೀರಿಗೆ ಇಳಿಯುವುದು. ಆ ವರ್ಷ ಅಜ್ಜನನ್ನು ದಂಡೆಗೆ ಒಯ್ಯುವುದು ಹೇಗೆ ಎಂಬುದೇ ದೊಡ್ಡ ಚಿಂತೆಯಾಯಿತು. ಕುರ್ಚಿಯಲ್ಲಿ ಕೂರಿಸಿ ನಾಲ್ವರು ಎತ್ತಿಕೊಂಡು ಹೋಗೋಣ ಎಂದ ಅಪ್ಪ. "ನನ್ನ ಹೊತ್ಕಂಡು ಹೋಗೂದು ಒಂದೇ ಸಲ. ಅದ್ಕೆ ಇನ್ನೂ ಟೈಮದೆ," ಎಂದ ಅಜ್ಜ. ರಿಕ್ಷಾ ಅಂದರೆ ಇನ್ನೂ ಸಿಟ್ಟು. "ನನ್ನ ಗಾಡಿ ಮನೇಲಿರೂವಾಗ ಮತ್ತೊಬ್ಬರ ರಿಕ್ಷಾ ಹತ್ತೂಕೆ ನಾನೇನ್ ಪ್ಯಾಸೆಂಜರಾ? ಗೇರ್‌ಬಾಕ್ಸ್ ಬಿಚ್ಚು ಮಗಾ. ಇಲ್ಲಾಂದ್ರೆ ಈ ವರ್ಷ ಕಾಯಿ ನೀನೇ ಬಿಡು." ಕೊನೆಯ ಮಾತು ಹೇಳಿ ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಅಪ್ಪ ಆ ಹೊತ್ತೇ ನಟ್ಟು ಬಿಚ್ಚುವ ಪಾನ ಹಿಡಿದು ಕಾರಿನಡಿ ನುಸುಳಿದ.

ಮಳೆಗಾಲದಲ್ಲಿ ಮೀನುಗಾರಿಕೆ ಬಂದ್ ಇರುವುದರಿಂದ ಅಪ್ಪನಿಗೆ ಪುರುಸೊತ್ತಿತ್ತು. ದೋಣಿಯ ಎಂಜಿನ್ ಬಿಚ್ಚಿ ಗೊತ್ತಿದ್ದವನಿಗೆ ಕಾರಿನ ಗೇರ್‌ಬಾಕ್ಸ್ ಯಾವ ಲೆಕ್ಕ ಎಂಬ ಧೈರ್ಯವೂ ಇತ್ತು. ಜಗಲಿಯಲ್ಲಿ ಗೋಣಿ ಹಾಸಿ ಒಂದೊಂದೇ ಚಕ್ರ ಹೊರತೆಗೆದ. ನಮ್ಮಲ್ಲಿ ಹಳೇ ಬಲೆ ಬಿಚ್ಚುವಾಗ ಬೆಂಡು, ಸೀಸದ ಗುಂಡುಗಳನ್ನು ಬಿಚ್ಚಿದ ಸಾಲಿನಲ್ಲೇ ದಾರಕ್ಕೆ ಪೋಣಿಸಿಡುವುದು ರೂಢಿ. ಮತ್ತೆ ಕಟ್ಟುವಾಗ ಒಂದು ತುದಿಯಿಂದ ಶುರುಮಾಡಿದರಾಯಿತು. ಅಪ್ಪ ಅದೇ ಪ್ರಕಾರ ಗೇರ್ ಚಕ್ರ, ಬಳೆ, ವಾಷರುಗಳನ್ನೆಲ್ಲ ಬಲೆಯ ದಾರಕ್ಕೆ ಪೋಣಿಸಿ ಜಂತಿಗೆ ತೂಗುಹಾಕಿದ. ಹಿಂದಕ್ಕೆ ಹೋಗುವ ಗೇರಿನ ಚಕ್ರ ಬೇರೊಂದು ಸಣ್ಣ ಸರಳಿನಲ್ಲಿತ್ತು. ಅದನ್ನು ಮಾತ್ರ ತೆಂಗಿನ ಕರಟದಲ್ಲಿಟ್ಟ. ಸವೆದ ಚಕ್ರಕ್ಕೆ ಬದಲಿ ಅಂಕೋಲೆಯ ಗುಜರಿಯಲ್ಲಿ ಸಿಕ್ಕಿತು. ಅದನ್ನೂ ಹಾರದಲ್ಲಿ ಅದರ ಜಾಗಕ್ಕೇ ಸೇರಿಸಿದ. ಗಾಳಿ ಬೀಸಿದಾಗ ಹಾರ ಮೆಲ್ಲಗೆ ಕಿಣಿಕಿಣಿ ಎನ್ನುತ್ತಿತ್ತು. ಅಜ್ಜ ಅದರಡಿ ಕುರ್ಚಿ ಹಾಕಿಸಿಕೊಂಡು ಕೂತಿರುತ್ತಿದ್ದ.

ಹಬ್ಬಕ್ಕೆ ಎರಡು ದಿನ ಇರುವಾಗ ಅತ್ತೆ, ಅಪ್ಪನ ತಂಗಿ, ಮನೆ ತೊಳೆಯಲು ಸೊಂಟ ಕಟ್ಟಿದಳು. ಆಗ ಅಪ್ಪ ಪೇಟೆಗೆ ಹೋಗಿದ್ದ, ಅಜ್ಜ ಒಳಗೆ ಮಲಗಿದ್ದ. ಅತ್ತೆ ಹಾರವನ್ನು ಇಳಿಸಿ, ಚಕ್ರಗಳನ್ನೆಲ್ಲ ಬಿಡಿಸಿ, ದೇವರ ದೀಪ ಬೆಳಗಿದಂತೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದಳು. ಅಬ್ಬಲಿಗೆ ಹೂವಿನ ದಂಡೆ ಕಟ್ಟುವುದರಲ್ಲಿ ಅವಳ ಕೈ ಮೀರಿಸಿದವರು ಕೇರಿಯಲ್ಲೇ ಇರಲಿಲ್ಲ. ದೊಡ್ಡ ಚಕ್ರ ನಡುವೆ, ಸಣ್ಣವು ಅಕ್ಕಪಕ್ಕ, ಬಳೆಗಳು ತುದಿಗೆ ಬರುವಂತೆ ಅಂದವಾಗಿ ಪೋಣಿಸಿ ಮತ್ತೆ ಜಂತಿಗೆ ಕಟ್ಟಿದಳು. ಬೆಳ್ಳಗೆ ಹೊಳೆಯುತ್ತಿದ್ದ ಅದನ್ನು ನೋಡಿ ನಾನು ಚಪ್ಪಾಳೆ ತಟ್ಟಿದ್ದೆ.

ಪೇಟೆಯಿಂದ ಬಂದ ಅಪ್ಪ ಹಾರ ನೋಡಿ ಕೈಚೀಲವನ್ನು ಮೆಟ್ಟಿಲಲ್ಲೇ ಇಟ್ಟ. "ಇದೇನ್ ಮದುವೆ ಹಾರವೇ ಮಾರಾಯ್ತಿ!"

"ಹಬ್ಬದ ಮನೇಲಿ ಎಣ್ಣೆಜಿಡ್ಡು ನೇತಾಡ್ಸೂಕೆ ಆಗ್ತದಾ?" ಅತ್ತೆ ಬಿಟ್ಟುಕೊಡಲಿಲ್ಲ. "ಒಂದೂ ಕಳೀಲಿಲ್ಲ. ಬೇಕಾದ್ರೆ ಎಣಿಸ್ಕೊ."

ಒಳಗಿನಿಂದ ಸದ್ದು ಕೇಳಿ ನಾವೆಲ್ಲ ಓಡಿದೆವು. ಅಜ್ಜ ನಗುತ್ತಿದ್ದ. ಕಾಯಿಲೆ ಬಿದ್ದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಸೊಟ್ಟಬಾಯಲ್ಲಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಅತ್ತೆ ಮಾತ್ರ ಹಿತ್ತಿಲಿಗೆ ಹೋಗಿ ಸೆರಗಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಜ್ಜ ಕಾಯಿ ಬಿಡುವುದು ತನ್ನಿಂದಾಗಿ ತಪ್ಪಿತು ಎಂಬ ಸಂಕಟ ಅವಳಿಗೆ.

ಅಪ್ಪ ನೆನಪಿಗೆ ಬಂದ ಸಾಲಿನಲ್ಲಿ ಜೋಡಿಸಿದ, ಬಿಚ್ಚಿದ, ಮತ್ತೆ ಜೋಡಿಸಿದ. ಹುಣ್ಣಿಮೆಯ ಬೆಳಿಗ್ಗೆ ಕಾರೇನೋ ಸ್ಟಾರ್ಟ್ ಆಯಿತು. ಆದರೆ ಮುಂದಿನ ಒಂದು ಗೇರೂ ಹಿಡಿಯಲಿಲ್ಲ. ಅತ್ತೆಯ ಕೈಗೆ ಸಿಗದೆ ಕರಟದಲ್ಲಿ ಉಳಿದಿತ್ತಲ್ಲ, ಆ ರಿವರ್ಸ್ ಒಂದು ಮಾತ್ರ ಗಟ್ಟಿಯಾಗಿ ಕೂತಿತು. ಅಪ್ಪ ಸ್ಟಿಯರಿಂಗಿಗೆ ತಲೆ ಆನಿಸಿದ. ಒಗೆದ ಬಿಳಿ ಅಂಗಿ ತೊಟ್ಟು ತಯಾರಾಗಿದ್ದ ಅಜ್ಜ ಜಗಲಿಯಿಂದಲೇ ಕೇಳಿದ: "ಹಿಂದೆ ಹೋಗ್ತದಾ? ಹಾಗಾದ್ರೆ ಹಿಂದೇ ಹೋಗ್ವಾ. ಕಡಲಿಗೆ ಮುಖ ಯಾವ್ದು, ಬೆನ್ನು ಯಾವ್ದು?"

ಹಾಗೆ ನಮ್ಮ ಅಂಬಾಸಿಡರ್ ಕೇರಿಯುದ್ದಕ್ಕೂ ಹಿಂದು ಹಿಂದಕ್ಕೆ ಹೋಯಿತು. ಅಪ್ಪ ಕಿಟಕಿಯಿಂದ ಕತ್ತು ಹೊರಹಾಕಿ ಹಿಂದೆ ನೋಡುತ್ತ ನಡೆಸಿದ. ಕೈಗಾ ಅಣುಸ್ಥಾವರದಲ್ಲಿ ಕೆಲಸಕ್ಕಿದ್ದ ನೆರೆಮನೆಯವರು ಕಂಪನಿ ಬಸ್ ತಪ್ಪಿದರೂ ಸರಿ ಎಂದು ನಿಂತು ನೋಡಿದರು. ಮುಂದಿನ ಸೀಟಿನಲ್ಲಿ ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅಜ್ಜನಿಗೆ ಕಡಲು ಕಾಣುತ್ತಿರಲಿಲ್ಲ. ಎದುರಿಗೆ ಕಾಣುತ್ತಿದ್ದದ್ದು ಮನೆ ಒಂದೇ. ಬಾಗಿಲಲ್ಲಿ ನಿಂತಿದ್ದ ಆಯಿ ಮತ್ತು ಅತ್ತೆ, ಜಂತಿಯಲ್ಲಿ ನೇತಾಡುತ್ತಿದ್ದ ಬರೀ ದಾರ, ಖಾಲಿ ಕುರ್ಚಿ. ಹಿಂದಿನ ಸೀಟಿನಲ್ಲಿದ್ದ ನಾನು ಕಡಲಿನ ಕಡೆ ತಿರುಗಿ ಕುಣಿಯುತ್ತಿದ್ದೆ. ಅಜ್ಜ ಮಾತ್ರ ಕಣ್ಣು ಮಿಟುಕಿಸದೆ ಮನೆಯನ್ನೇ ನೋಡುತ್ತಿದ್ದ.

ದಂಡೆಯಲ್ಲಿ ಅಪ್ಪನ ಹೆಗಲು ಹಿಡಿದು ನಿಂತು, ಅಜ್ಜ ಬಲಗೈಯಿಂದ ಕಾಯಿ ಬಿಟ್ಟ. ಬರುವಾಗ ರಿವರ್ಸೂ ಹಿಡಿಯಲಿಲ್ಲ. ಕೇರಿಯ ಗಂಡಸರು ದೋಣಿಯ ಹಗ್ಗ ತಂದು ಕಾರಿನ ಮುಂಭಾಗಕ್ಕೆ ಬಿಗಿದು, ದೋಣಿ ದಡಕ್ಕೆಳೆಯುವಾಗಿನಂತೆ "ಹೈಸಾ, ಹೈಸಾ" ಎಂದು ಕೂಗುತ್ತ ಎಳೆದರು. ಸ್ಟಿಯರಿಂಗ್ ಹಿಡಿದವನು ಅಜ್ಜ, ಒಂದೇ ಕೈಯಲ್ಲಿ. ಮನೆ ಮುಟ್ಟಿದ ಮೇಲೂ ಎಷ್ಟೋ ಹೊತ್ತು ಅವನು ಇಳಿಯಲಿಲ್ಲ.

ದೀಪಾವಳಿಗೆ ಮೊದಲೇ ಅಜ್ಜ ತೀರಿಕೊಂಡ. ಕಾರು ಗುಜರಿಗೆ ಹೋಯಿತು. ಅತ್ತೆ ಮದುವೆಯಾಗಿ ಶೆಟಗೇರಿಗೆ ಹೋದಳು. ಎಷ್ಟೋ ವರ್ಷಗಳ ನಂತರ ರಸ್ತೆ ಅಗಲವಾಗುವಾಗ ಮನೆಯೂ ಹೋಯಿತು. ಈಗ ಆ ಜಾಗದಲ್ಲಿ ಗಾಡಿಗಳು ನಿಲ್ಲದೆ ಓಡುತ್ತವೆ.

ಅಜ್ಜ ಹೋದ ಮರುವರ್ಷದ ಹುಣ್ಣಿಮೆಯ ದಿನ ಕಾಯಿ ಹಿಡಿದು ಮುಂದೆ ನಡೆದವನು ಅಪ್ಪ. ಎಲ್ಲರೂ ಕಡಲಿಗೆ ಮುಖಮಾಡಿ ಹೊರಟರೆ, ಅಜ್ಜ ಅಷ್ಟು ಹೊತ್ತು ಏನು ನೋಡಿದನೋ ನೋಡಬೇಕೆನಿಸಿ ನಾನು ಮನೆಗೆ ಮುಖಮಾಡಿ ಹಿಂದು ಹಿಂದಕ್ಕೆ ನಡೆದೆ. ಆಯಿ ಬೈದಳು, ಎಡವಿ ಬೀಳ್ತೀ ಎಂದಳು. ಮೊದಲು ಕುರ್ಚಿ ಕಾಣದಾಯಿತು, ಆಮೇಲೆ ಬಾಗಿಲು. ಮಾಡಿನ ಹೆಂಚೊಂದೇ ಉಳಿದಿದ್ದಾಗ ನನಗೆ ಅಳು ಬಂತು. ಅಪ್ಪ ಹಿಂದಿರುಗಿ ಬಂದು, ಕಾಯಿಯನ್ನು ಒಂದು ಕೈಗೆ ಬದಲಿಸಿಕೊಂಡು ನನ್ನನ್ನು ಎತ್ತಿಕೊಂಡ.