ಜರ್ಮನಿಗೆ ಹೋದ ಅಕ್ಷತೆ

ಆಗ ನನಗೆ ಅರವತ್ತೆಂಟು. ನಾಲ್ಕು ವರ್ಷದ ಹಿಂದಿನ ಮಾತು. ನಾನು ಹಾಕಿದ ನಾಲ್ಕು ಕಾಳು ಅಕ್ಷತೆ ಹಡಗು ಹತ್ತಿ ಜರ್ಮನಿಗೆ ಹೋಯಿತು. ಸುಮ್ಮನೆ ಹೋಗಲಿಲ್ಲ, ಹುಳ ಹಿಡಿಸಿಕೊಂಡು ಹೋಯಿತು.

ಜರ್ಮನಿ ಎಲ್ಲಿದೆ ಎಂದು ನನ್ನನ್ನು ಕೇಳಬೇಡಿ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಸಿದ್ದಾಪುರ ಬಿಟ್ಟರೆ ನಾನು ಕಂಡ ಪರದೇಶ ಹುಬ್ಬಳ್ಳಿ.

ನಮ್ಮೂರ ವಿನಾಯಕನ ಶೆಡ್ಡಿನಲ್ಲಿ ಹಾಳೆ ತಟ್ಟೆ ಮಾಡುತ್ತಾರೆ. ಅಡಿಕೆ ಮರದಿಂದ ಬಿದ್ದ ಹಾಳೆಯನ್ನು ತೊಳೆದು ಮಷಿನ್ನಿನಲ್ಲಿ ಒತ್ತಿದರೆ ತಟ್ಟೆ. ನನ್ನ ಕಾಲದಲ್ಲಿ ಹಾಳೆ ಎಂದರೆ ಎಮ್ಮೆಗೆ ಮೇವು, ಕೆಲಸಕ್ಕೆ ಹೋಗುವವನ ತಲೆಗೆ ಟೊಪ್ಪಿ. ಈಗ ಅದರಲ್ಲಿ ಬಿಳಿಯರು ಕೇಕ್ ತಿನ್ನುತ್ತಾರಂತೆ. ನಾವು? ಮದುವೆ ಮನೆಯಲ್ಲಿ ಬಾಳೆ ಎಲೆಯ ಚಿತ್ರ ಒತ್ತಿದ ಪೇಪರಿನ ಮೇಲೆ ಉಣ್ಣುತ್ತೇವೆ. (ಸಾರು ಬಡಿಸಿದರೆ ಎಲೆಯೂ ಹೋಯಿತು, ಸಾರೂ ಹೋಯಿತು.) ಇದು ಯಾವ ಸೀಮೆಯ ವ್ಯಾಪಾರ? ತಿಳಿದವರು ಹೇಳಿ.

ನನ್ನದು ಪ್ಯಾಕಿಂಗ್ ಕೆಲಸ. ಮಷಿನ್ ನಡೆಸುವವನು ಅಸ್ಸಾಮಿನ ದೀಪೇನ್. ನನ್ನ ಪಕ್ಕ ಕೂತು ತಟ್ಟೆ ಆರಿಸುವವಳು ಅವನ ಹೆಂಡತಿ ರೂಪಾಲಿ. ಅಸ್ಸಾಮಿನವರು ಯಾಕೆ ಎನ್ನುತ್ತೀರಾ? ನಮ್ಮೂರ ಗಂಡಸರಿಗೆ ಆ ಮಷಿನ್ನಿನ ಬಿಸಿ ತಡೆಯುವುದಿಲ್ಲ. ಅವರು ಗೋವಾಕ್ಕೆ ಹೋಟೆಲ್ ಕೆಲಸಕ್ಕೆ ಹೋಗಿದ್ದಾರೆ. ಅಲ್ಲೇನು ಒಲೆ ತಣ್ಣಗೆ ಉರಿಯುತ್ತದೆಯೇ?

ಜರ್ಮನಿಗೆ ಮೊದಲ ಲೋಡ್ ಹೊರಟಿತು. ನಮ್ಮಲ್ಲಿ ಮೊದಲ ಸಲ ಏನೇ ಹೊಸ್ತಿಲು ದಾಟಿದರೂ ಕುಂಕುಮ ಹಚ್ಚಿ ಅಕ್ಷತೆ ಹಾಕದೆ ಕಳಿಸುವುದಿಲ್ಲ. ಅಡಿಕೆ ಮೂಟೆ ಇರಲಿ, ಹೊಸ ಬೈಕ್ ಇರಲಿ. ಆದರೆ ವಿನಾಯಕ ಮೊದಲೇ ಹೇಳಿಬಿಟ್ಟಿದ್ದ. "ಗಂಗತ್ತೆ, ಬಾಕ್ಸಿನ ಹೊರಗೆ ಎಂತದೂ ತಾಗ್ಲಾಗ. ಸ್ಟಿಕ್ಕರ್ ಮಾತ್ರ."

ಹೊರಗೆ ತಾನೇ ಬೇಡ? ಮೊದಲ ಬಾಕ್ಸಿನ ಮುಚ್ಚಳ ತೆಗೆದು ಮೇಲಿನ ತಟ್ಟೆಗೆ ಕುಂಕುಮ ಇಟ್ಟೆ, ನಾಲ್ಕು ಕಾಳು ಅಕ್ಷತೆ ಹಾಕಿದೆ, ಟೇಪ್ ಸುತ್ತಿದೆ. ಒಳ್ಳೆಯದಾಗಲಿ ಎಂದೇ.

ಎರಡು ತಿಂಗಳು ಕಳೆದು ವಿನಾಯಕ ಮೊಬೈಲ್ ಹಿಡಿದು ಶೆಡ್ಡಿಗೆ ಬಂದ. ಮುಖ ಸುಟ್ಟ ಬದನೆಕಾಯಿ. ಜರ್ಮನಿಯವರು ಫೋಟೋ ಕಳಿಸಿದ್ದರು. ತಟ್ಟೆಯ ಮೇಲೆ ಕೆಂಪು ಕಲೆ, ಪಕ್ಕದಲ್ಲಿ ಪುಡಿಪುಡಿ ಅಕ್ಕಿ, ಅಕ್ಕಿಯಲ್ಲಿ ಹುಳ. ಹೇಗಾಯಿತೆಂದು ಎರಡು ದಿನದಲ್ಲಿ ಬರೆದು ಕೊಡಿ, ಇಲ್ಲದಿದ್ದರೆ ಮುಂದಿನ ಆರ್ಡರ್ ಇಲ್ಲ ಎಂದಿದ್ದರು.

ವಿನಾಯಕ ಸೀದಾ ರೂಪಾಲಿಯ ಕಡೆ ತಿರುಗಿದ.

"ಇದು ನಿಂದೇ ಕೆಲಸ. ಕೆಂಪು ನೀನು ಜಗಿಯೋ ಪಾನ್, ಅಕ್ಕಿ ನಿನ್ನ ಡಬ್ಬಿಯ ಮಂಡಕ್ಕಿ. ನಾಳೆ ಇಬ್ಬರೂ ಗಂಟು ಕಟ್ಟಿ. ಹುಬ್ಬಳ್ಳಿ ಬಸ್ಸು ಹತ್ತಿಸ್ತೆ, ಅಲ್ಲಿಂದ ರೈಲು."

ಹೀಗೆ ಹೇಳುವಾಗ ಅವನ ಕೆನ್ನೆಯಲ್ಲೂ ಒಂದು ಎಲೆ ಅಡಿಕೆಯ ಕವಳ ಇತ್ತು! ಕವಳ ಹಾಕದ ಬಾಯಿ ನಮ್ಮೂರಲ್ಲಿ ಯಾವುದಿದೆ? ಆದರೂ ಶೆಡ್ಡಿನವರೆಲ್ಲ ತಲೆ ಆಡಿಸಿದರು.

ನಾನು? ಸುಮ್ಮನೆ ಕೂತೆ. ಸುಳ್ಳು ಯಾಕೆ ಹೇಳಲಿ, ಹೆದರಿದೆ. ಈ ವಯಸ್ಸಿನವಳಿಗೆ ಇನ್ಯಾರು ಕೆಲಸ ಕೊಡುತ್ತಾರೆ? ಇವರಾದರೆ ಗಟ್ಟಿ ಇದ್ದಾರೆ, ಎಲ್ಲಾದರೂ ದುಡಿಯುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ದೂರದಿಂದ ಬಂದವರನ್ನು ಇನ್ನಷ್ಟು ದೂರ ಕಳಿಸುವುದು ಎಷ್ಟು ಸುಲಭ ನೋಡಿ.

ಮಧ್ಯಾಹ್ನ ಬುತ್ತಿ ಬಿಚ್ಚಿದೆವು. ರೂಪಾಲಿ ಡಬ್ಬಿ ತೆರೆಯಲಿಲ್ಲ.

"ಉಣ್ಣು ಮಾರಾಯ್ತಿ" ಎಂದೆ.

"ಅಜ್ಜಿ, ಫೋಟೋ ನಾನು ನೋಡಿದೆ. ಪಾನ್ ಅಲ್ಲ ಅದು. ನಿಮ್ಮ ಪೂಜೆ."

ಬುತ್ತಿ ಕೆಳಗಿಟ್ಟೆ. "ನಾನು ಹಾಕಿದ್ದು ಕಂಡಿದ್ಯನೇ ನೀನು?"

"ಪಕ್ಕದಲ್ಲೇ ಕೂತದ್ದಲ್ಲ? ಕಂಡೆ."

"ಮತ್ತೆ ಅವನ ಹತ್ರ ಹೇಳದ್ದೇ ಎಂತಕೆ ಕೂತೆ?"

"ನಾನು ಹೇಳಿದ್ರೆ ಯಾರು ನಂಬುದು?"

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ನಾನೂ ನಾಲ್ಕು ಬೈದು ಹಗುರಾಗುತ್ತಿದ್ದೆ. ಕೈ ತೊಳೆದವಳೇ ಎದ್ದು ವಿನಾಯಕನ ಟೇಬಲ್ಲಿನ ಮುಂದೆ ನಿಂತೆ.

"ತಮಾ, ಆ ಕುಂಕುಮ ಆನೇ ಹಚ್ಚಿದ್ದು. ಅಕ್ಷತೆನೂ ನಂದೇ."

"ಹೊರಗೆ ಹಚ್ಚಲಾಗ ಹೇಳಿದ್ನಲೇ ಅತ್ತೆ!"

"ಅದಕ್ಕೇ ಒಳಗೆ ಹಚ್ಚಿದ್ದು."

"ಜರ್ಮನಿಯವಕ್ಕೆ ಇದನ್ನ ಹೆಂಗೆ ಬರೆಯದು?"

"ಹೆಂಗಾದ್ರೂ ಬರಿ. ಹೆಸರು ಮಾತ್ರ ನಂದು ಬರಿ. ರೂಪಾಲಿ ಕೂಸಿಂದಲ್ಲ."

ಬರೆದ. ಹಿರಿಯ ಕೆಲಸಗಾರರೊಬ್ಬರು ಪ್ರಾರ್ಥನೆ ಮಾಡುವಾಗ ಆದ ತಪ್ಪು ಎಂದು ಇಂಗ್ಲಿಷಿನಲ್ಲಿ ಬರೆದನಂತೆ. (ನಾನು ಹಿರಿಯ ಕೆಲಸಗಾರ್ತಿಯಾದದ್ದು ಹಾಗೆ. ಬಡ್ತಿ ಎಂದುಕೊಳ್ಳಿ.) ಜರ್ಮನಿಯವರು ಒಪ್ಪಿದರು, ಮುಂದಿನ ಆರ್ಡರ್ ಬಂತು. ಜೊತೆಗೆ ಒಂದು ರೂಲ್ಸೂ ಬಂತು. ಪ್ಯಾಕಿಂಗ್ ಕೋಣೆಯಲ್ಲಿ ಅಕ್ಕಿ, ಬಣ್ಣ, ತಿಂಡಿ ಯಾವುದೂ ಕೂಡದು. ಎಲ್ಲಿಯೋ ಕೂತವನು ನಮ್ಮೂರಿನ ಶೆಡ್ಡಿನಲ್ಲಿ ದೇವರನ್ನು ಎಷ್ಟು ದೂರ ಇಡಬೇಕೆಂದು ಹೇಳುತ್ತಾನೆ. ಹೇಳಲಿ. ತಿನ್ನುವ ತಟ್ಟೆಯಲ್ಲಿ ಹುಳ ಕಂಡರೆ ನಾನಾದರೂ ಬಿಡುತ್ತಿದ್ದೆನೇ?

ನನ್ನ ತಲೆಗೆ ಹತ್ತದಿದ್ದದ್ದು ಬೇರೆಯೇ. ಆ ಪತ್ರದಲ್ಲಿ ವಿನಾಯಕ ಜರ್ಮನಿಗೆ ಎರಡು ಸಲ ಸಾರಿ ಬರೆದಿದ್ದ. ಒಮ್ಮೆಯೂ ಮುಖ ಕಾಣದವರಿಗೆ! ಎದುರಿಗೇ ನಿಂತ ರೂಪಾಲಿಗೆ ಹೇಳಿದ್ದೇನು? "ಆಯ್ತು, ಕೆಲಸಕ್ಕೆ ಬಾ." ಅಷ್ಟೇ.

ಮತ್ತೆ ನಾನು? ಪತ್ರ ಬರೆದ ಆ ದಿನ ನಾನೂ ಅವಳಿಗೆ ಏನೂ ಹೇಳದೆ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಎಂಟಕ್ಕೇ ಹೋದೆ. ನನ್ನನ್ನು ಪ್ಯಾಕಿಂಗಿನಿಂದ ತೆಗೆದು ಹಾಳೆ ತೊಳೆಯುವ ತೊಟ್ಟಿಗೆ ಹಾಕಿದ್ದರು. ನನ್ನ ಜಾಗದಲ್ಲಿ ರೂಪಾಲಿ. ಕೈಹಿಡಿದು ಅಂಗಳಕ್ಕೆ ಕರೆದೊಯ್ದೆ. "ತಪ್ಪಾತು ಮಾರಾಯ್ತಿ" ಎಂದೆ, ಕವಳದ ಸಂಚಿ ಬಿಚ್ಚಿದೆ. ಹಿಂದಿನ ದಿನದಿಂದ ಅವಳು ಪಾನ್ ಮುಟ್ಟಿರಲಿಲ್ಲ.

"ನಿಮ್ಮ ಅಡಿಕೆ ಕಲ್ಲು ಅಜ್ಜಿ. ನಮ್ಮೂರಿನದು ಮೆತ್ತಗೆ" ಎಂದು ಮೂಗು ಮುರಿದಳು.

"ಜಗಿ ಸುಮ್ಮಂಗೆ. ಹಲ್ಲಿದ್ದಲೇ ನಿಂಗೆ" ಎಂದೆ.

ವಿನಾಯಕ ಕಿಟಕಿಯಿಂದ ನೋಡುತ್ತಿದ್ದ ಹಾಗೆಯೇ ಇಬ್ಬರೂ ಅಂಗಳದ ತೆಂಗಿನ ಬುಡಕ್ಕೆ ಉಗಿದೆವು. ಅದರಲ್ಲಿ ಅಸ್ಸಾಮಿನ ಕೆಂಪು ಯಾವುದು, ಸಿದ್ದಾಪುರದ ಕೆಂಪು ಯಾವುದು, ಯಾರಾದರೂ ಬರೆದು ಕೊಡುತ್ತೀರಾ?