ಊರಲ್ಲಿ ಸಿಗೋಣ

ಮೊನ್ನೆ ಅಂಗಿಗೊಂದು ಗುಂಡಿ ಬೇಕೆಂದು ಹೊಲಿಗೆ ಡಬ್ಬಿಯನ್ನು ಸುರುವಿದೆ ನೋಡಿ, ಗುಂಡಿಯ ಬದಲು ಪೆನ್ಸಿಲ್ ಅಳಿಸುವ ಅರ್ಧ ರಬ್ಬರ್ ಸಿಕ್ಕಿತು. ಒಂದು ಕಾಲದಲ್ಲಿ ಅದಕ್ಕೆ ಸ್ಟ್ರಾಬೆರಿಯ ಪರಿಮಳವಿತ್ತು. ಈಗ ಬರೀ ಸೂಜಿಯ ತುಕ್ಕಿನ ವಾಸನೆ. ಆದರೂ ಎರಡು ಸಲ ಮೂಸಿದೆ.

ಎಂಬತ್ತರ ದಶಕದ ಕೊನೆಯಲ್ಲಿ, ಅಪ್ಪನ ನೌಕರಿಯಿಂದಾಗಿ, ನಾವು ಒಮಾನಿನ ಅಲ್ ಹೈಲ್‌ನಲ್ಲಿದ್ದೆವು. ಮೇಲಿನ ಮಹಡಿಯಲ್ಲಿ ನನ್ನ ಗೆಳತಿ ವೀಣಾ. ಅವಳ ಮನೆಯಲ್ಲಿ ಮೈಸೂರು ಕನ್ನಡ, ನಮ್ಮಲ್ಲಿ ತುಳು, ನಡುವಿನ ಮೆಟ್ಟಿಲ ಮೇಲೆ ನಮ್ಮಿಬ್ಬರದೇ ಒಂದು ಕಲಬೆರಕೆ. ಎರಡೂ ಮನೆಯ ದೊಡ್ಡವರು ವರ್ಷವಿಡೀ ಜಪಿಸುತ್ತಿದ್ದ ಹೆಸರು ಮಾತ್ರ ಒಂದೇ: ಊರು. ಊರಿನಿಂದ ಕಾಗದ ಬಂತು, ಊರಿನ ಉಪ್ಪಿನಕಾಯಿ ಮುಗಿಯಿತು, ರಜೆಗೆ ಊರಿಗೆ. ಅಲ್ಲೇ ಅಕ್ಕಪಕ್ಕದಲ್ಲಿ ಸೀಬ್ ಇದ್ದ ಹಾಗೆ, ಮಬೇಲಾ ಇದ್ದ ಹಾಗೆ, ‘ಊರು’ ಎಂಬುದೂ ಒಂದು ಜಾಗದ ಹೆಸರೆಂದು ನಾನು ತಿಳಿದಿದ್ದೆ. ನಗಬೇಡಿ, ಆರು ವರ್ಷದವಳಿಗೆ ಇದನ್ನೆಲ್ಲ ಯಾರು ಬಿಡಿಸಿ ಹೇಳುತ್ತಾರೆ?

ವೀಣಾಳ ಅಪ್ಪನ ಕೆಲಸದ ಅವಧಿ ಮುಗಿಯಿತು. “ಖಲಾಸ್, ನಾವು ಊರಿಗೆ ಹೋಗ್ತಿದೀವಿ ಕಣೆ,” ಎಂದಳು. ನಾನು ಅಳಲೇ ಇಲ್ಲ. ಜೂನ್ ರಜೆಗೆ ನಮಗೂ ಊರಿನ ಟಿಕೆಟ್ ಆಗಿತ್ತಲ್ಲ! ಇದ್ದ ಒಂದು ರಬ್ಬರನ್ನು ಬ್ಲೇಡಿನಿಂದ ಕತ್ತರಿಸಿ ಹಂಚಿಕೊಂಡೆವು. ಊರಲ್ಲಿ ಸಿಕ್ಕಾಗ ಜೋಡಿಸುವುದೆಂದು ಮಾತಾಯಿತು. ಹೊರಡುವಾಗ ಅವಳಮ್ಮ, “ಅಡ್ರೆಸ್ ಬರ್ಕೊಡ್ಲಾ ಪುಟ್ಟಿ?” ಎಂದರು.

“ಬೇಡ ಆಂಟಿ, ಊರು ನಂಗೆ ಗೊತ್ತುಂಟು,” ಎಂದೆ, ದೊಡ್ಡ ಜಾಣೆಯ ಹಾಗೆ. ಅವರು ನಕ್ಕು, ನನ್ನ ಕೆನ್ನೆ ಹಿಂಡಿ, ಪೆನ್ನನ್ನು ಚೀಲಕ್ಕೆ ಹಾಕಿಕೊಂಡರು.

ಜೂನ್‌ನಲ್ಲಿ ಊರಿಗೆ ಬಂದು, ಕಾಪುವಿನ ಅಜ್ಜಿಮನೆಯಲ್ಲಿ ಚಪ್ಪಲಿ ಕಳಚುವ ಮೊದಲೇ ಕೇಳಿದೆ: “ವೀಣಾನ ಮನೆ ಎಲ್ಲುಂಟು?” ಅಜ್ಜಿ, ಪಾಪ, ತುಂಬಾ ಯೋಚಿಸಿ ಅಕ್ಕಿ ಗಿರಣಿಯವರ ಮನೆಗೆ ಕರೆದೊಯ್ದರು. ಅಲ್ಲಿಯೂ ಒಬ್ಬರು ವೀಣಾ ಇದ್ದರು, ಮದುವೆ ಗೊತ್ತಾಗಿದ್ದ ವೀಣಕ್ಕ. ನಾನು ಚಾಚಿದ ಅರ್ಧ ರಬ್ಬರನ್ನು ಅವರು ತಿರುಗಿಸಿ ತಿರುಗಿಸಿ ನೋಡಿ, ಕೈಗೊಂದು ಚಕ್ಕುಲಿ ಕೊಟ್ಟು ಕಳುಹಿಸಿದರು.

ಸಂಗತಿ ತಿಳಿದು ಅಪ್ಪ ಹೊಟ್ಟೆ ಹಿಡಿದು ನಕ್ಕರು. “ಅವರ ಊರು ಮೈಸೂರು ಮಗಾ. ನಮ್ಮದು ಇದು.”

“ಹಾಗಾದ್ರೆ ಊರು ಎಷ್ಟುಂಟು?”

“ಒಬ್ಬೊಬ್ಬರಿಗೆ ಒಂದೊಂದು,” ಎನ್ನುವಷ್ಟರಲ್ಲಿ ಅವರಿಗೆ ನನ್ನ ಮುಖ ಕಂಡಿತು, ನಗು ನಿಂತಿತು. ವೀಣಾಳ ವಿಳಾಸ ಅವರ ಬಳಿಯೂ ಇರಲಿಲ್ಲ. ಆ ದಿನ ಅತ್ತ ಹಾಗೆ ನಾನು ನನ್ನ ಮದುವೆಯಲ್ಲೂ ಅಳಲಿಲ್ಲ.

“ಇನ್ನರ್ಧ ಎಲ್ಲಿ ಅಮ್ಮ?” ಮೊನ್ನೆ ನನ್ನ ಕಥೆಯೆಲ್ಲ ಕೇಳಿ, ಮಗಳು ರಬ್ಬರ್ ಎತ್ತಿಕೊಂಡು ಕೇಳಿದಳು. ಕಾಪುವಿನಲ್ಲೇ ಹುಟ್ಟಿ ಬೆಳೆದವಳು ಅವಳು.

“ಊರಲ್ಲುಂಟು,” ಎಂದುಬಿಟ್ಟೆ.

“ನಾವು ಊರಲ್ಲೇ ಇದ್ದೇವಲ್ಲ!”

ಹೌದಲ್ಲ. ಆದರೆ ಆ ಮಾತು ಬಾಯಿಗೆ ಬಂದಾಗ ನನ್ನ ಕಣ್ಣಮುಂದಿದ್ದದ್ದು ಅಲ್ ಹೈಲ್‌ನ ಮೆಟ್ಟಿಲು. ವೀಣಾಳಿಗೂ ನನಗೂ ಒಂದೇ ಊರೆಂದು ತಿಳಿದದ್ದು ತಪ್ಪಾಗಿರಲಿಲ್ಲ; ಹುಡುಕಿದ ಜಾಗ ಮಾತ್ರ ತಪ್ಪು.

ಗುಂಡಿ ಇನ್ನೂ ಸಿಕ್ಕಿಲ್ಲ.