ಕ್ರೇನಿನೆದುರು ನಿಂತ ಸೀಟಿ ಅಕ್ಕ

ಕೆಲಸಕ್ಕೆ ನಿಲ್ಲುವ ಮೊದಲು ಅವರು ಎರಡೂ ಕೈಯ ಹಸಿರು ಬಳೆಗಳನ್ನು ಮೇಲಕ್ಕೆ ಸರಿಸಿ, ಹಳೆಯ ಸೀರೆಯ ಚೂರಿನಿಂದ ಬಿಗಿಯಾಗಿ ಸುತ್ತುತ್ತಿದ್ದರು. ಬಳೆ ಎಲ್ಲಾದರೂ ಸಿಕ್ಕಿಕೊಂಡರೆ ಕೈಯೂ ಹೋಗುತ್ತದೆ ಎಂಬ ಎಚ್ಚರ. ಆಮೇಲೆ ಸೆರಗು ಸೊಂಟಕ್ಕೆ, ಅದರ ಮೇಲೆ ಕಿತ್ತಳೆ ಬಣ್ಣದ ಜಾಕೀಟು, ತಲೆಗೆ ಹೆಲ್ಮೆಟ್, ಕೊರಳಲ್ಲಿ ತಾಳಿಯ ಜೊತೆಗೊಂದು ಸೀಟಿ. ಮುಧೋಳದ ಹತ್ತಿರ ಸಕ್ಕರೆ ಕಾರ್ಖಾನೆಯೊಂದರಲ್ಲಿ ಹೊಸ ಬಾಯ್ಲರ್ ಕಟ್ಟುವಾಗ ನಾನು ಕ್ರೇನ್ ನಡೆಸುತ್ತಿದ್ದೆ. ಕೆಳಗೆ ನಿಂತು ನನಗೆ ಕೈಸನ್ನೆ ಮಾಡುತ್ತಿದ್ದವರು ಅವರು. ಎಲ್ಲರ ಬಾಯಲ್ಲೂ ಸೀಟಿ ಅಕ್ಕ.

ಅವರ ಊರು ಗಲಗಲಿ. ಮೊದಲು ಬಂದದ್ದು ಕಾಂಕ್ರೀಟಿನ ಬುಟ್ಟಿ ಹೊರಲು. ಗುತ್ತಿಗೆ ಕಂಪನಿಯವರು ಸನ್ನೆ ಕಲಿಸುವ ತರಬೇತಿ ಇಟ್ಟಾಗ ಗಂಡಸರ ಹಿಂದೆ ಕುಳಿತು ಕಲಿತು ಪಾಸಾದರು. ಆರಂಭದಲ್ಲಿ ನನಗೆ ಅವರ ಮೇಲೆ ಅಷ್ಟು ಭರವಸೆ ಇರಲಿಲ್ಲ. ಕ್ಯಾಬಿನ್ನಿನಲ್ಲಿ ಕೂತವನಿಗೆ ಗೋಡೆಯ ಆಚೆ ಇಳಿಯುವ ಭಾರ ಕಾಣುವುದಿಲ್ಲ. ಕೆಳಗಿನ ಕೈಗಳನ್ನು ನಂಬಿಯೇ ಲಿವರ್ ಎಳೆಯಬೇಕು. ಅವರು ಯಾವುದಕ್ಕೂ ಅವಸರ ಮಾಡುತ್ತಿರಲಿಲ್ಲ. ಭಾರ ನೆಲ ಬಿಡುವ ಮೊದಲು ಅದರ ಸುತ್ತ ನಡೆದು, ಎತ್ತುವ ಬೆಲ್ಟಿನ ಹೊಲಿಗೆಯನ್ನು ಸೀರೆ ಆರಿಸುವವರಂತೆ ಬೆರಳಿನಿಂದ ಸವರಿ ನೋಡುವರು. ನಿಧಾನವಾಗಿ ನನಗೆ ಆ ಕೈಗಳು ರೂಢಿಯಾದವು.

ಬಾಯ್ಲರಿನ ದೊಡ್ಡ ಡ್ರಮ್ಮು ಏರಿಸುವ ದಿನ ಕಾರ್ಖಾನೆಯ ಅಧ್ಯಕ್ಷರು ಪೂಜೆಗೆ ಬಂದರು. ಡ್ರಮ್ಮು ಆಗಲೇ ಆಳೆತ್ತರ ಮೇಲೆದ್ದಿತ್ತು. ಹಾರ ಹಾಕಲೆಂದು ಅವರೂ ಹಿಂಬಾಲಕರೂ ನೇರ ಅದರ ಅಡಿಗೇ ನಡೆದರು. ಅಕ್ಕ ಸೀಟಿ ಊದಿ, ಎರಡೂ ತೋಳು ಚಾಚಿ ನನ್ನನ್ನು ನಿಲ್ಲಿಸಿ, ಅವರತ್ತ ತಿರುಗಿದರು.

"ಸಾಹೇಬ್ರ, ಹೊರಗ ಬರ್ರಿ. ತೂಗೋದರ ಕೆಳಗ ನಿಲ್ಲಬಾರ್ದ್ರಿ."

"ಪೂಜಿ ಐತಿ ಬೇ, ಸುಮ್ಕಿರು," ಎಂದ ಒಬ್ಬ ಹಿಂಬಾಲಕ.

"ಪೂಜಿ ನೆಲಕ್ಕ ಇಟ್ಟ ಮಾಡೂಣ್ರಿ. ಇಳಸ್ತೀವಿ."

ಅಧ್ಯಕ್ಷರ ಮುಖ ಕೆಂಪಾಯಿತು. ಗುತ್ತಿಗೆದಾರ ಕೈಮುಗಿಯುತ್ತ ಓಡಿ ಬಂದ. ಸುರಕ್ಷತೆ ನೋಡಿಕೊಳ್ಳುತ್ತಿದ್ದ ಇಂಜಿನಿಯರು ಮಾತ್ರ ಅಕ್ಕನ ಪಕ್ಕ ಬಂದು ನಿಂತರು. ಕೊನೆಗೆ ಎಲ್ಲರೂ ಹೊರಬಂದರು. ಡ್ರಮ್ಮು ಇಳಿಸಿದೆ. ಹಾರ, ಕಾಯಿ ಎಲ್ಲ ಆಯಿತು. ಅಂದು ಯಾವ ಅನಾಹುತವೂ ಆಗಲಿಲ್ಲ. ಅದಕ್ಕೇ ಹಲವರು ಅಕ್ಕನಿಗೆ ಸೊಕ್ಕು ಎಂದರು. ಗುತ್ತಿಗೆದಾರ ಅವರನ್ನು ಮತ್ತೆ ಬುಟ್ಟಿ ಹೊರಲು ಹಾಕಿದ. ಇಂಜಿನಿಯರು ಹಟ ಹಿಡಿದದ್ದರಿಂದ ಅಕ್ಕ ಸನ್ನೆಯ ಕೆಲಸಕ್ಕೆ ವಾಪಸು ಬಂದರು.

ಅವರು ವಾಪಸು ಬಂದದ್ದು ನನ್ನ ಪುಣ್ಯ. ಮುಂದಿನ ಮಳೆಗಾಲದ ಒಂದು ಮಧ್ಯಾಹ್ನ ಉಕ್ಕಿನ ತೊಲೆಯೊಂದನ್ನು ಎತ್ತಿ ತಿರುಗಿಸುತ್ತಿದ್ದೆ. ನೆಲದ ಮೇಲೆ ಹಾಸಿದ ಗರಸು ಮಣ್ಣು ಒಣಗಿ ಗಟ್ಟಿಯಾಗಿ ಕಾಣುತ್ತಿತ್ತು. ಅಡಿಯ ಎರೆಮಣ್ಣು ನೆನೆದು ಮೆತ್ತಗಾಗಿತ್ತು. ಅಕ್ಕ ಸೀಟಿ ಊದಿ ಥಟ್ಟನೆ ನನ್ನನ್ನು ನಿಲ್ಲಿಸಿದರು. ಯಾಕೆಂದು ತಿಳಿಯಲಿಲ್ಲ. ಆಮೇಲೆ ಕ್ಯಾಬಿನ್ನು ಬಲಕ್ಕೆ ವಾಲುತ್ತಿರುವುದು ಮೈಗೆ ಗೊತ್ತಾಯಿತು. ಕ್ರೇನನ್ನು ನೆಲಕ್ಕೆ ಊರಿ ನಿಲ್ಲಿಸುವ ಕಾಲುಗಳಲ್ಲಿ ಒಂದು, ಅದರಡಿಯ ಹಲಗೆ ಸಮೇತ, ನೆಲದೊಳಗೆ ಇಳಿಯುತ್ತಿತ್ತು.

ಸೀಟಿ ಕೇಳಿ ಕೆಳಗಿದ್ದವರೆಲ್ಲ ದೂರ ಓಡಿದರು. ಅಕ್ಕ ನನಗೆ ಕಾಣುವಂತೆ ಬದಿಗೆ ನಿಂತರು. ಒಂದು ಕೈಯ ಬೆರಳು ಕೆಳಗೆ, ಇನ್ನೊಂದರ ಅಂಗೈ ಅದರ ಮೇಲೆ: ಇಳಿಸು, ಮೆಲ್ಲಗೆ. ಆ ಕೈಗಳ ಹೊರತು ನಾನು ಬೇರೇನನ್ನೂ ನೋಡಲಿಲ್ಲ. ತೊಲೆ ನೆಲ ಮುಟ್ಟಿತು. ಭಾರ ಇಳಿದ ಕ್ರೇನು ವಾಲಿಕೊಂಡೇ ನಿಂತಿತು.

ನಾನು ಇಳಿದು ಬಂದಾಗ ಅವರು ಹಲಗೆಗಳ ರಾಶಿಯ ಮೇಲೆ ಕೂತು ನೀರು ಕೇಳುತ್ತಿದ್ದರು.

"ನೀವೂ ಓಡಬೇಕಿತ್ತಲ್ಲ ಅಕ್ಕಾ?"

"ನಾ ಓಡಿದ್ರ ನೀ ಯಾರ್ನ ನೋಡ್ತಿದ್ದಿ, ತಮ್ಮಾ?" ಎಂದರು. ನೀರು ಕುಡಿದು, "ಬಿದ್ರ ಯಾವ ಕಡಿ ಬೀಳ್ತೈತಿ ಅಂತ ನೋಡ್ಕೊಂಡ ನಿಂತಿದ್ದೆ. ನನಗೂ ಮಕ್ಕಳ ಅದಾವ," ಎಂದರು.

ಕೆಲಸ ಮುಗಿದು ನಾನು ಬೇರೆ ಊರುಗಳಿಗೆ ಹೋದೆ. ಅವರು ಕಾಮಾಲೆಯಾಗಿ ಜಮಖಂಡಿಯ ಆಸ್ಪತ್ರೆಯಲ್ಲಿ ತೀರಿಕೊಂಡ ಸುದ್ದಿ ತಡವಾಗಿ ತಲುಪಿತು. ಗಲಗಲಿಗೆ ಹೋದೆ. ಅವರ ಗಂಡ ಮನೆಯ ಕಟ್ಟೆಯ ಮೇಲಿದ್ದರು. ನಾನು ಯಾರೆಂದು ಹೇಳಿದೆ, ಆ ಮಧ್ಯಾಹ್ನದ್ದನ್ನೂ ಹೇಳಿದೆ. ಅವರು ಸರಿದು ಪಕ್ಕದಲ್ಲಿ ಕೂರಲು ಜಾಗ ಕೊಟ್ಟರು.

"ಮನ್ಯಾಗ ಏನೂ ಹೇಳಿಲ್ರಿ ಆಕಿ," ಎಂದರು. "ಅವತ್ತೂ ಬಂದು ರೊಟ್ಟಿ ಬಡದಿರಬೇಕ ನೋಡ್ರಿ."

ನನ್ನ ಕಿರಿಯ ಮಗಳು ಹುಟ್ಟಿದ್ದು ಕ್ರೇನು ವಾಲಿದ ಆ ದಿನದ ಮರುವರ್ಷ. ಅದನ್ನು ಅವರಿಗೆ ಹೇಳಿ ಎದ್ದೆ.